ಎಡ ಮೂಲೆಯಲ್ಲಿ ನಿಂತವನು

2025ರ ಜೂನ್ ತಿಂಗಳ ಒಂದು ಸಂಜೆ. ಗುಂಡ್ಲುಪೇಟೆಯಲ್ಲಿ ಸೋನೆ ಹಿಡಿದು ಮೈದಾನವೆಲ್ಲ ಕೆಸರಾಗಿತ್ತು. ಸುಣ್ಣದ ಮೂಟೆ, ಹಗ್ಗ, ಹರಿದ ಮ್ಯಾಟು ತುಂಬಿಡುವ ಕೋಣೆಯ ಜಗಲಿ ಮೇಲೆ ಹತ್ತು ಹನ್ನೆರಡು ಮಕ್ಕಳು ಒಂದೇ ಮೊಬೈಲಿಗೆ ಮುತ್ತಿಕೊಂಡು ಕೂತಿದ್ದರು. ಕಬಡ್ಡಿ ಇರಬೇಕು ಅಂದುಕೊಂಡು ಬಗ್ಗಿ ನೋಡಿದರೆ ರಗ್ಬಿ. ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಅಂತ ಮೊದಲ ಸಲ ನಡೆಯುತ್ತಿತ್ತು. ಅದರಲ್ಲಿ ನಮ್ಮ ರಾಜ್ಯದ್ದೂ ಒಂದು ತಂಡ, ಬೆಂಗಳೂರು ಬ್ರೇವ್‌ಹಾರ್ಟ್ಸ್.

"ನಮ್ಮಂಗೇ ಏಳೇಳು ಜನ ಸಾ" ಅಂದ ಒಬ್ಬ ಹುಡುಗ. ಹದಿನೈದು ಜನ ಆಡುವ ರಗ್ಬಿ ಬೇರೆ, ಇದು ಏಳು ಜನರದ್ದು. ಒಲಿಂಪಿಕ್ಸಿನಲ್ಲಿ 2016ರಿಂದ ಆಡಿಸುತ್ತಿರುವುದೂ ಇದನ್ನೇ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಿಗೆ ಒತ್ತಿಕೊಂಡು ಒಬ್ಬ ಓಡಿದ. ಇನ್ನೊಬ್ಬ ಅಡ್ಡ ಬಂದು ತೊಡೆಗೆ ಬಿದ್ದು ಉರುಳಿಸಿದ. ನನ್ನ ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿತು. ಅಂಥ ಹಿಡಿತವನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಆದರೆ ಬಿದ್ದ ಮರುಕ್ಷಣವೇ ಹಿಡಿದವನು ಕೈಬಿಟ್ಟು ಎದ್ದುಬಿಟ್ಟ.

ನಮ್ಮ ಕಬಡ್ಡಿ ತಂಡದ ಎಡ ಮೂಲೆಯಲ್ಲಿ ನಿಲ್ಲುವ ಹುಡುಗಿ, ಹದಿನಾರು ವರ್ಷದವಳು, ನನ್ನ ಮುಖ ನೋಡಿದಳು.

"ಅಷ್ಟು ಚೆಂದಾಗಿ ಹಿಡುದು ಯಾಕ್ ಸಾ ಬುಟ್ಟುದ್ದು?"

ಆ ಆಟದ ಕಾನೂನೇ ಹಾಗೆ, ಎದುರಾಳಿಯನ್ನು ನೆಲಕ್ಕೆ ಕೆಡವಿದ ಮೇಲೆ ಹಿಡಿದವನು ತಕ್ಷಣ ಬಿಡಲೇಬೇಕು, ಬಿಡದಿದ್ದರೆ ತಪ್ಪು ಅವನದೇ ಅಂತ ವಿವರಿಸಿದೆ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ನನಗೂ ಮೊದಲು ಒಪ್ಪಿಗೆಯಾಗುತ್ತಿರಲಿಲ್ಲ. ಮೂವತ್ತು ವರ್ಷ ಹಿಡಿಯೋದನ್ನೇ ಕಲಿತು, ಹಿಡಿಯೋದನ್ನೇ ಕಲಿಸಿದವನು ನಾನು.

* * *

ನಮ್ಮೂರು ಇರುವುದು ತೆರಕಣಾಂಬಿಯ ಆಚೆ. ಚಾಮರಾಜನಗರದ ಬಸ್ಸು ನಿಲ್ಲಬೇಕೆಂದರೆ ಕೈ ಅಡ್ಡ ಹಿಡಿಯಬೇಕಾದಂಥ ಊರು. ರಾಗಿ ಒಕ್ಕಣೆ ಮುಗಿದ ಮೇಲೆ ಕಣ ಖಾಲಿಯಾಗುತ್ತಿತ್ತು. ಸಗಣಿ ಸಾರಿಸಿ ಗಟ್ಟಿಯಾದ ಆ ನೆಲವೇ ನಮ್ಮ ಅಂಕಣ. ಒಲೆಯ ಬೂದಿಯಲ್ಲಿ ಗೆರೆ. ತಮಿಳುನಾಡಿನ ತಾಳವಾಡಿ ಕಡೆಯಿಂದ ನೆಂಟರ ಮನೆಗೆ ಬರುತ್ತಿದ್ದ ಹುಡುಗರು ನಮ್ಮ ಹಾಗೆಯೇ ಕನ್ನಡ ಆಡುವವರಾದರೂ ಶಾಲೆಯಲ್ಲಿ ಕಲಿತ ಅಭ್ಯಾಸಕ್ಕೆ ಆಟದಲ್ಲಿ 'ಸಡುಗುಡು ಸಡುಗುಡು' ಅನ್ನುತ್ತಿದ್ದರು. ಉಸಿರು ನಿಂತರೆ ಸಾಕು, ಮಾತು ಯಾವುದಾದರೇನು ಅಂತ ನಾವೂ ಬಿಟ್ಟುಬಿಡುತ್ತಿದ್ದೆವು.

ಆಗ ಗಡಿಯಾರ ಇರಲಿಲ್ಲ. ದಾಳಿಗೆ ಬಂದವನ ಉಸಿರೇ ಗಡಿಯಾರ. ಹಿಡಿದವನ ಕೆಲಸ ಅದು ನಿಲ್ಲುವ ತನಕ ಬಿಡದಿರುವುದು.

ನಾನು ಹಿಡಿಯೋದನ್ನು ಕಲಿತದ್ದು ಕೊಟ್ಟಿಗೆಯಲ್ಲಿ. ಹಾಲು ಕರೆಯುವ ಹೊತ್ತಿಗೆ ಕರುವನ್ನು ಎಳೆದು ಕಟ್ಟುವುದು ನನ್ನ ಪಾಲಿನ ಕೆಲಸ. ಕರುವಿನ ಮುಖ ನೋಡಿದರೆ ಮೋಸ ಹೋಗುತ್ತೇವೆ. ಅದು ಈ ಕಡೆ ತಲೆ ತಿರುಗಿಸಿ ಆ ಕಡೆ ನೆಗೆಯುತ್ತದೆ. ಹಿಂಗಾಲು ನೋಡಬೇಕು. ಯಾವ ಕಾಲಿನ ಮೇಲೆ ಭಾರ ಬಿದ್ದಿದೆಯೋ ಆ ಕಾಲು ಒಂದು ಗಳಿಗೆ ಅಲ್ಲಾಡಲಾರದು. ಆ ಗಳಿಗೆಯಲ್ಲಿ ಕೈ ಹಾಕಬೇಕು. ಹೈಸ್ಕೂಲಿಗೆ ಬಂದಾಗ ನಮ್ಮ ಡ್ರಿಲ್ ಮೇಷ್ಟ್ರು ನಾನು ಒಬ್ಬ ದೊಡ್ಡ ಹುಡುಗನ ಪಾದ ಹಿಡಿದು ಕೂತದ್ದು ನೋಡಿ "ಎಲ್ಲಿ ಕಲ್ತೆಯೋ ಆಂಕಲ್ ಹೋಲ್ಡು?" ಅಂದರು. ಆ ಹಿಡಿತಕ್ಕೆ ಹೆಸರೊಂದು ಇದೆ ಅಂತ ತಿಳಿದದ್ದೇ ಅವತ್ತು. ಅಂದಿನಿಂದ ಎಡ ಮೂಲೆಯಲ್ಲಿ ನಿಲ್ಲಿಸಿದರು. ಹೆಚ್ಚಿನ ದಾಳಿಗಾರರು ಬಲಗೈ, ಬಲಗಾಲಿನವರು. ಬೋನಸ್ ಗೆರೆಗೆ ಅವರು ಕಾಲು ಚಾಚುವುದು ಬಹುಪಾಲು ಎಡ ಮೂಲೆಯ ಮುಂದೆಯೇ. "ನೀನು ಓಡಬೇಡ, ಕಾಯಿ" ಅಂದರು ಮೇಷ್ಟ್ರು. ಅವರು ಹೇಳಿದ್ದರಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಇದೊಂದೇ.

* * *

ಆ ಕಾಲದಲ್ಲಿ ಗುಂಡ್ಲುಪೇಟೆ ಮೈಸೂರು ಜಿಲ್ಲೆಗೆ ಸೇರಿತ್ತು. ಜಿಲ್ಲಾ ತಂಡವೆಂದರೆ ಹನ್ನೆರಡು ಜನ: ಆಡುವವರು ಏಳು, ಕೂತು ಕಾಯುವವರು ಐದು. ಜಿಲ್ಲೆಗೆ ಹನ್ನೊಂದು ತಾಲ್ಲೂಕು. ಹನ್ನೊಂದು ತಾಲ್ಲೂಕಿಗೆ ಹನ್ನೆರಡು ಜರ್ಸಿ ಅಂದರೆ ಎಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕಿ. ಮೈಸೂರಿನ ಹುಡುಗರು ಬೆಳಿಗ್ಗೆ ಹಾಲು ಮೊಟ್ಟೆ ತಿಂದು, ಶೂ ಕಟ್ಟಿಕೊಂಡು ನಡೆದುಕೊಂಡೇ ಆಯ್ಕೆಗೆ ಬರುತ್ತಿದ್ದರು. ನಾವು ಕೋಳಿ ಕೂಗುವ ಮುಂಚೆ ಎದ್ದು, ಮೊದಲ ಬಸ್ಸಿನಲ್ಲಿ ನಿಂತುಕೊಂಡು ನಂಜನಗೂಡು ದಾಟಿ ಹೋಗುವಷ್ಟರಲ್ಲಿ ಅರ್ಧ ಆಯ್ಕೆ ಮುಗಿದಿರುತ್ತಿತ್ತು. ಮೂರು ವರ್ಷ ಹೋದೆ. ಮೂರು ವರ್ಷವೂ ಬುತ್ತಿಯ ಗಂಟಿನಲ್ಲಿ ಉಳಿದ ಮುದ್ದೆ ಹಾಗೇ ವಾಪಸ್ ಬಂತು.

1997ರ ಆಗಸ್ಟ್ 15ಕ್ಕೆ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಜಿಲ್ಲಾಧಿಕಾರಿ ಕಚೇರಿ, ಆಸ್ಪತ್ರೆ, ಕೋರ್ಟು ಅಂತ ಊರಿನ ಹಿರಿಯರು ಮಾತಾಡಿಕೊಂಡರು. ನಮಗೆ ಹೊಳೆದದ್ದು ಒಂದೇ ಲೆಕ್ಕ: ನಾಲ್ಕು ತಾಲ್ಲೂಕಿಗೆ ಹನ್ನೆರಡು ಜರ್ಸಿ! ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ. ಆ ಸಲದ ಆಯ್ಕೆಯಲ್ಲಿ ನನ್ನ ಹೆಸರು ಏಳನೆಯದಾಗಿ ಕೂಗಿದರು. ನನಗಾಗ ಇಪ್ಪತ್ತೊಂದು. ಜರ್ಸಿಯ ಬೆನ್ನ ಮೇಲೆ ಬಣ್ಣದಲ್ಲಿ ಬರೆಸಿದ್ದ 'ಚಾಮರಾಜನಗರ' ಅನ್ನುವ ಅಕ್ಷರ ಉದ್ದವಾಗಿ ಎರಡು ಕಂಕುಳಿಗೂ ಮುಟ್ಟುತ್ತಿತ್ತು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೊದಲ ಪಂದ್ಯ ಮುಗಿಯುವಷ್ಟರಲ್ಲಿ ನನ್ನ ಜಿಲ್ಲೆಯ ಅರ್ಧ ಹೆಸರು ಎದುರಾಳಿಗಳ ಅಂಗೈಗೆ ಅಂಟಿಕೊಂಡಿತ್ತು. ಆ ಪಂದ್ಯ ಸೋತೆವು. ಊರಿಗೆ ಬರುವ ಮೊದಲು ಚಾಮರಾಜೇಶ್ವರನ ಗುಡಿಗೆ ಹೋಗಿ ಕೈಮುಗಿದು ಬಂದೆ. ಆಷಾಢದ ತೇರಿಗೆ ಹೊಸದಾಗಿ ಮದುವೆಯಾದವರು ಹಣ್ಣು ಜವನ ಎಸೆಯುವ ದೇವರು ಅದು. ಮದುವೆಯಾಗದವನು ಅಲ್ಲಿಗೆ ಯಾಕೆ ಹೋಗಿದ್ದೆ ಅಂತ ಅವ್ವ ನಕ್ಕಳು.

* * *

1999ರಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ತಂಡ ನನ್ನನ್ನು ತಿಂಗಳ ಸ್ಟೈಪೆಂಡಿಗೆ ಸೇರಿಸಿಕೊಂಡಿತು. ಕೆಲಸ ಕಾಯಂ ಆಗುತ್ತದೆ ಅಂತ ಬಾಯಿಮಾತಿನಲ್ಲಿ ಹೇಳಿದ್ದರು. ಬೆಳಿಗ್ಗೆ ಐದೂವರೆಗೆ ಮೈದಾನ, ಒಂಬತ್ತಕ್ಕೆ ಸ್ಟೋರ್ಸ್ ವಿಭಾಗದಲ್ಲಿ ಚೀಟಿ ಬರೆಯುವುದು, ಸಂಜೆ ಮತ್ತೆ ಮೈದಾನ. ಆಟವೇ ಹೊಟ್ಟೆಪಾಡು ಆದದ್ದು ಅಲ್ಲಿ.

ಅಲ್ಲಿ ನನಗೆ ಸಿಕ್ಕ ದೊಡ್ಡ ಪಾಠ, ಒಬ್ಬನೇ ಹಿಡಿಯೋದು ಹಿಡಿತವೇ ಅಲ್ಲ ಅನ್ನುವುದು. ಊರಿನಲ್ಲಿ ನಾನು ಕಾಲು ಹಿಡಿದರೆ ಚಪ್ಪಾಳೆ ಬೀಳುತ್ತಿತ್ತು. ಬೆಂಗಳೂರಿನಲ್ಲಿ ಕಾಲು ಹಿಡಿದ ನನ್ನನ್ನೂ ಸೇರಿಸಿ ಎಳೆದುಕೊಂಡು ಹೋಗುವಂಥ ದಾಳಿಗಾರರಿದ್ದರು. ಒದ್ದಾಟದಲ್ಲಿ ಅವರ ಒಂದು ಬೆರಳು ನಡುಗೆರೆ ಮುಟ್ಟಿದರೆ ಮುಗಿಯಿತು, ಹಿಡಿದವರೆಲ್ಲ ಔಟು. ಮೂಲೆಯವನ ಕೈಯನ್ನು ಪಕ್ಕದವನು ಹಿಡಿದಿರಬೇಕು. ಅದಕ್ಕೆ ಚೈನ್ ಅನ್ನುತ್ತೇವೆ. ಮೂಲೆಯವನು ಕಾಲಿಗೆ ಬಿದ್ದ ಕೂಡಲೆ ಪಕ್ಕದವನು ಸೊಂಟಕ್ಕೆ, ಕವರ್‌ನವನು ಎದೆಗೆ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವನು ಕೋಲಾರದ ಕಡೆಯವನು. ಐದು ವರ್ಷ ಅವನ ಅಂಗೈ ಹಿಡಿದು ನಿಂತಿದ್ದೇನೆ. ಅವನ ಬೆವರು ಹೆಚ್ಚಾದರೆ ಭಯ, ಬೆರಳು ಒಂದು ಸಲ ಒತ್ತಿದರೆ 'ಈಗ' ಅಂತ ಅರ್ಥ. ಬಾಯಲ್ಲಿ ನಾವು ಮಾತಾಡಿಕೊಂಡದ್ದು ಕಡಿಮೆ.

ನಮ್ಮ ರಾಜ್ಯದ ಕಬಡ್ಡಿಗೆ ಅದು ಎದೆಯುಬ್ಬಿಸುವ ಕಾಲ. 2000ದ ಅರ್ಜುನ ಪ್ರಶಸ್ತಿ ಸಿ. ಹೊನ್ನಪ್ಪ ಅವರಿಗೆ ಬಂತು, 2001ರದ್ದು ಬಿ.ಸಿ. ರಮೇಶ್ ಅವರಿಗೆ. ಎರಡು ವರ್ಷ ಸಾಲಾಗಿ ಕರ್ನಾಟಕಕ್ಕೆ. ಅವರು ಬರುವ ಮೈದಾನಕ್ಕೆ ನಾವು ಅರ್ಧ ಗಂಟೆ ಮುಂಚೆ ಹೋಗಿ, ವಾರ್ಮ್ ಅಪ್ ಮಾಡುವುದನ್ನೂ ಕದ್ದು ನೋಡುತ್ತಿದ್ದೆವು. ಅವರ ಹೆಸರು ಹೇಳಿಕೊಂಡೇ ನಾನು ಅಪ್ಪನ ಕೈಲಿ ನನ್ನ ಮದುವೆ ಮುಂದಕ್ಕೆ ಹಾಕಿಸಿದೆ.

2004ರಲ್ಲಿ ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. ಉಬ್ಬು ತಗ್ಗಿನ ನೆಲದ ಮೇಲೆಯೇ ಮ್ಯಾಟು ಹಾಸಿದ್ದರು. ಎರಡನೇ ಅವಧಿಯಲ್ಲಿ ಒಬ್ಬನ ಪಾದ ಹಿಡಿದೆ. ಅವನು ತಿರುಗಿದ. ನಾನೂ ಅವನ ಜೊತೆ ತಿರುಗಬೇಕಿತ್ತು, ಆದರೆ ನನ್ನ ಬಲಗಾಲಿನ ಶೂ ಮ್ಯಾಟಿಗೆ ಕಚ್ಚಿಕೊಂಡಿತ್ತು. ಮೊಣಕಾಲೊಳಗೆ ಹಸಿ ಕೊಂಬೆ ಸೀಳಿದಂತೆ ಸದ್ದಾಯಿತು. ಪಕ್ಕದವನು "ಬಿಡೋ, ಬಿಡೋ" ಅಂತ ಕೂಗಿದ. ನಾನು ಬಿಡಲಿಲ್ಲ. ಸೀಟಿ ಊದಿ ಪಾಯಿಂಟ್ ಕೊಟ್ಟ ಮೇಲೆ ಬಿಟ್ಟೆ. ಆ ಪಾಯಿಂಟಿನಿಂದ ನಮ್ಮ ತಂಡವೇನೂ ಗೆಲ್ಲಲಿಲ್ಲ.

ಲಿಗಮೆಂಟ್ ಹರಿದಿದೆ ಅಂತ ಗೊತ್ತಾಗುವ ಮೊದಲು ಎಂಟು ತಿಂಗಳು ಎಣ್ಣೆ ಪಟ್ಟಿನಲ್ಲೇ ಕಳೆದೆ. ಅಷ್ಟರಲ್ಲಿ ಸ್ಟೈಪೆಂಡು ನಿಂತಿತು. ಬಾಯಿಮಾತಿನಲ್ಲಿ ಹೇಳಿದ್ದ ಕಾಯಂ ಕೆಲಸ ಬಾಯಿಮಾತಿನಲ್ಲೇ ಉಳಿಯಿತು. 2005ರ ಯುಗಾದಿಗೆ ಒಂದು ಟ್ರಂಕು, ಹದಿನಾಲ್ಕು ಶೀಲ್ಡು ಹೊತ್ತು ಊರಿಗೆ ಬಂದೆ. ಶೀಲ್ಡುಗಳನ್ನು ಅವ್ವ ಅಟ್ಟದಲ್ಲಿ ಅರಿಶಿನದ ಮೂಟೆ ಹಿಂದೆ ಇಟ್ಟಳು.

* * *

ಕೋಚ್ ಆಗಬೇಕು ಅಂತ ಆದವನಲ್ಲ ನಾನು. ಸಣ್ಣ ಈರುಳ್ಳಿ ಬೆಲೆ ಬಿದ್ದುಹೋದ ಒಂದು ವರ್ಷ ಕೈಯಲ್ಲಿ ಕೆಲಸವಿಲ್ಲದೆ ಗುಂಡ್ಲುಪೇಟೆಯ ಮೈದಾನದ ಕಟ್ಟೆ ಮೇಲೆ ಕೂರುತ್ತಿದ್ದೆ. ಹುಡುಗರು ತಪ್ಪು ಹಿಡಿಯುವುದನ್ನು ನೋಡಿ ತಡೆಯಲಾರದೆ ಒಂದು ದಿನ ಇಳಿದೆ. ಆಮೇಲೆ ಆರು ವಾರದ ಎನ್‌ಐಎಸ್ ಸರ್ಟಿಫಿಕೇಟ್ ಕೋರ್ಸ್ ಮಾಡಿಕೊಂಡೆ. ಕೆರೆಯ ಗೋಡು, ಕೆಮ್ಮಣ್ಣು ಸೇರಿಸಿ, ಜರಡಿ ಹಿಡಿದು, ಹರಳು ಆರಿಸಿ ಹದಿಮೂರು ಮೀಟರ್ ಉದ್ದ ಹತ್ತು ಮೀಟರ್ ಅಗಲದ ಅಂಕಣ ಮಾಡಿದೆವು. ಅದಕ್ಕೆ ನಾಲ್ಕು ಟ್ರ್ಯಾಕ್ಟರ್ ಮಣ್ಣು ಹಿಡಿಯಿತು.

2009ರಿಂದ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ವಾಹನ ಬಿಡುವುದಿಲ್ಲ. ಆನೆ, ಜಿಂಕೆಗಳ ಪಾಲಿಗೆ ಅದು ಒಳ್ಳೆಯದೇ. ಹೊನಲು ಬೆಳಕಿನ ಪಂದ್ಯಾವಳಿಗೆ ಮಾತ್ರ ಅದರಿಂದ ಪೇಚಾಟ. ಒಂದು ಸಲ ಸುಲ್ತಾನ್ ಬತ್ತೇರಿಯಿಂದ ಬಂದ ತಂಡ ನಮ್ಮ ಮೇಲೆ ಸೆಮಿಫೈನಲ್‌ನಲ್ಲಿ ಆರು ಪಾಯಿಂಟ್ ಮುಂದಿತ್ತು. ಮುಖ್ಯ ಅತಿಥಿಗಳು ತಡವಾಗಿ ಬಂದು, ಭಾಷಣ ಉದ್ದವಾಗಿ, ಅರ್ಧ ಪಂದ್ಯಕ್ಕೇ ಎಂಟು ಗಂಟೆ ದಾಟಿತ್ತು. ಅವರ ಜೀಪಿನ ಡ್ರೈವರ್ ಬಂದು "ಮದ್ದೂರು ಗೇಟು ಹಾಕ್ಬುಡ್ತಾರೆ" ಅಂದ. ಗೆಲ್ಲುತ್ತಿದ್ದ ತಂಡ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಜೀಪು ಹತ್ತಿತು. ನಾವು ವಾಕೋವರ್‌ನಲ್ಲಿ ಫೈನಲ್ ಮುಟ್ಟಿ, ಗೆದ್ದು, ಬಹುಮಾನದ ಟಗರು ಹೊಡೆದುಕೊಂಡು ಬಂದೆವು. ಆ ಟಗರಿನ ಬಾಡೂಟ ನನಗೆ ಸೇರಲಿಲ್ಲ. ಮಾರನೇ ವರ್ಷದಿಂದ ಗಡಿಯಾಚೆಯ ತಂಡಗಳ ಪಂದ್ಯವನ್ನೆಲ್ಲ ಮಧ್ಯಾಹ್ನವೇ ಆಡಿಸಿ ಮುಗಿಸುವ ಕಟ್ಟಳೆ ಮಾಡಿದೆವು.

2014ರ ಜುಲೈನಲ್ಲಿ ಟಿವಿಯಲ್ಲಿ ಪ್ರೊ ಕಬಡ್ಡಿ ಬಂತು. ರಾತ್ರಿ ಬೆಳಗಾಗುವುದರಲ್ಲಿ ನಮ್ಮ ಹುಡುಗರೆಲ್ಲ ರೈಡರ್ ಆಗಿಬಿಟ್ಟರು. ಬಗ್ಗಿ ಕೈಗಳ ಕೆಳಗೆ ನುಸುಳುವ ಡುಬ್ಕಿ, ತಲೆ ಮೇಲೆ ಹಾರುವ ಜಿಗಿತ, ಪಾಯಿಂಟ್ ಸಿಕ್ಕರೆ ತೊಡೆ ತಟ್ಟುವುದು. ಉಸಿರಿನ ಜಾಗಕ್ಕೆ 30 ಸೆಕೆಂಡಿನ ಗಡಿಯಾರ ಬಂದಿತ್ತು. ಮೂಲೆಯಲ್ಲಿ ನಿಲ್ಲುವವರೇ ಇಲ್ಲ. ಎಲ್ಲರೂ ಹೋಗುವವರಾದರೆ ಮನೆ ಕಾಯುವವರು ಯಾರು ಅಂತ ರೇಗುತ್ತಿದ್ದೆ. ನನ್ನ ಮಾತು ಮಾಡದ ಕೆಲಸವನ್ನು ಕಡೆಗೆ ಇರಾನಿನವರು ಮಾಡಿದರು. 1990ರ ಬೀಜಿಂಗ್‌ನಿಂದ ಏಷ್ಯನ್ ಗೇಮ್ಸ್‌ನ ಕಬಡ್ಡಿ ಚಿನ್ನ ಪ್ರತಿ ಸಲವೂ ಭಾರತದ ಗಂಡಸರದ್ದೇ ಆಗಿತ್ತು. 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ 27-18ರಲ್ಲಿ ನಮ್ಮವರನ್ನು ಕಟ್ಟಿಹಾಕಿತು. ಆ ತಂಡದ ಫಜಲ್ ಅತ್ರಾಚಲಿ ಎಡ ಮೂಲೆಯವನು. ಪ್ರೊ ಕಬಡ್ಡಿಯಲ್ಲಿ ಅವನಿಗೆ 'ಸುಲ್ತಾನ್' ಅಂತಲೇ ಹೆಸರು. ಗುಂಡ್ಲುಪೇಟೆಯಲ್ಲಿ ಎಡ ಮೂಲೆಗೆ ಮರ್ಯಾದೆ ತಂದವನು ಅವನೇ, ನಾನಲ್ಲ.

ಬಿ.ಸಿ. ರಮೇಶ್ ಅವರು ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಕಪ್ಪು ಗೆಲ್ಲಿಸಿದರು. ಎರಡೂ ಹೊರ ರಾಜ್ಯದ ತಂಡ. ಫೈನಲ್ ನಡೆಯುವಾಗ ನಾನು ಆಟಗಾರರಿಗಿಂತ ಹೆಚ್ಚಾಗಿ ಅವರನ್ನೇ ನೋಡುತ್ತಿದ್ದೆ. ಪಂದ್ಯ ಶುರುವಾದ ಮೇಲೆ ಕೋಚ್ ಅಂಕಣದ ಹೊರಗಿನವನು. ಒಳಗಿರುವವರ ಕೈಯೆಲ್ಲ ಅವನು ಆಗಲೇ ಬಿಟ್ಟುಕೊಟ್ಟದ್ದು. ಇದು ನನಗೆ ಹೊಳೆಯಲು ತಡವಾಯಿತು. ತಡವಾದದ್ದರಿಂದ ಒಬ್ಬ ಹುಡುಗನಿಗೆ ಅನ್ಯಾಯವಾಯಿತು.

* * *

2016ರ ಮಾತು. ಹಂಗಳದ ಕಡೆಯ ಹುಡುಗ, ಹತ್ತೊಂಬತ್ತು ವರ್ಷ. ನನ್ನ ಕೈಯಲ್ಲಿ ಆರು ವರ್ಷ ಬೆಳೆದವನು. ಅಂಥ ಕಾಲ್ಗಣ್ಣಿನ ಹಿಡಿತವನ್ನು ನಾನು ಮತ್ತೆ ಕಂಡಿಲ್ಲ. ಬೆಂಗಳೂರಿನಿಂದ ನನ್ನ ಫೋನಿಗೆ ಕರೆ ಬಂತು, ಒಂದು ತಂಡದ ಟ್ರಯಲ್ಸಿಗೆ ಅವನನ್ನು ಕಳಿಸಿ ಅಂತ. ಟ್ರಯಲ್ಸ್ ಇದ್ದದ್ದು ಶನಿವಾರ. ನಮ್ಮ ಊರಿನ ಪಂದ್ಯಾವಳಿಯ ಫೈನಲ್ಲೂ ಅದೇ ಶನಿವಾರ. ಎರಡು ವರ್ಷದಿಂದ ಸೋತಿದ್ದೆವು. ಭಾನುವಾರ ಹೇಳಿದರಾಯಿತು, ಇನ್ನೊಂದು ಟ್ರಯಲ್ಸ್ ಬರುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಶನಿವಾರ ಅವನು ಏಳು ಜನರನ್ನು ಹಿಡಿದ. ನಾವು ಗೆದ್ದೆವು. ಇನ್ನೊಂದು ಟ್ರಯಲ್ಸ್ ಬರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನ ಅಪ್ಪ ಹಾಸಿಗೆ ಹಿಡಿದರು, ಮನೆಯ ಭಾರ ಅವನ ಮೇಲೆ ಬಿತ್ತು.

ಈಗ ಅವನದು ಸ್ವಂತ ಗೂಡ್ಸ್ ಆಟೋ. ಸೀಜನ್ನಿನಲ್ಲಿ ಚೆಂಡು ಹೂವಿನ ಮೂಟೆ ಹೊಡೆಯುತ್ತಾನೆ, ಉಳಿದಂತೆ ತೆರಕಣಾಂಬಿ ಮಾರ್ಕೆಟ್ಟಿಗೆ ತರಕಾರಿ. ಕಂಡಾಗೆಲ್ಲ ಗಾಡಿ ನಿಲ್ಲಿಸಿ "ಅಣ್ಣಾ, ಟೀ ಕುಡ್ಯಮ ಬಾ" ಅನ್ನುತ್ತಾನೆ. ಹೋದ ವರ್ಷ ಒಂದು ದಿನ ಟೀ ಅಂಗಡಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಲೋಟ ಕೆಳಗಿಡಲಿಲ್ಲ.

"ಗೊತ್ತಿತ್ತು ಕನಣ್ಣ. ನಿನ್ ಫೋನು ಬ್ಯಾಗ್ನಲ್ಲಿತ್ತಲ್ಲ, ಮೊದ್ಲು ಎತ್ತುದ್ದೇ ನಾನು."

"ಮತ್ತೆ ಯಾಕೋ ಕೇಳ್ಳಿಲ್ಲ?"

"ನೀನೇ ಹೇಳ್ಲಿ ಅಂತ ಕಾಯ್ತಿದ್ದಿ."

ಕಾಯೋದನ್ನು ಅವನಿಗೆ ಕಲಿಸಿದವನು ನಾನೇ.

* * *

ರಗ್ಬಿ ನೋಡಿದ ಆ ಸಂಜೆಗೆ ಹದಿನೈದು ದಿನ ಮೊದಲೇ ನನ್ನ ಜೇಬಿಗೆ ಒಂದು ಪತ್ರ ಬಂದಿತ್ತು. ಎಡ ಮೂಲೆಯ ಆ ಹುಡುಗಿಯನ್ನು ಬೆಂಗಳೂರಿನ ಒಂದು ಕ್ರೀಡಾ ಹಾಸ್ಟೆಲಿಗೆ ಕಳಿಸಿ ಅಂತ. ಹೋದರೆ ಮತ್ತೆ ನಮ್ಮ ತಂಡಕ್ಕೆ ಅವಳು ಆಡುವುದಿಲ್ಲ. ಅವಳಿಲ್ಲದೆ ನಮ್ಮ ತಂಡ ತಾಲ್ಲೂಕೂ ದಾಟುವುದಿಲ್ಲ. ಹದಿನೈದು ದಿನ ನಾನು ಅದನ್ನು ಮಡಿಸಿ ಇಟ್ಟುಕೊಂಡೇ ಇದ್ದೆ. "ಯಾಕ್ ಸಾ ಬುಟ್ಟುದ್ದು?" ಅಂತ ಅವಳು ಕೇಳಿದಾಗ ಅದು ಅಂಗಿಯ ಜೇಬಿನಲ್ಲಿ ಬೆವರಿಗೆ ನೆನೆಯುತ್ತಿತ್ತು.

ಅವತ್ತು ರಾತ್ರಿಯೇ ಅವಳ ಮನೆಗೆ ಹೋದೆ. ಅವಳಪ್ಪ ಹೂವಿನ ಹೊಲದ ಗುತ್ತಿಗೆಯವರು. "ಹೆಣ್ ಕೂಸ್ನ ಒಬ್ಳನ್ನೇ ಅಷ್ಟು ದೂರ ಹೆಂಗ್ ಕಳ್ಸದು ಮೇಷ್ಟ್ರೇ?" ಅಂದರು. ನಾನು ಕಾರ್ಕಳದ ಕಡೆಯ ಮಮತಾ ಪೂಜಾರಿಯ ಮಾತು ತೆಗೆದೆ. 2010ರಲ್ಲಿ ಗುವಾಂಗ್‌ಝೌನಲ್ಲಿ ಹೆಂಗಸರ ಕಬಡ್ಡಿಗೆ ಮೊದಲ ಏಷ್ಯನ್ ಗೇಮ್ಸ್ ಚಿನ್ನ ಬಂದಾಗ ತಂಡದಲ್ಲಿ ಇದ್ದವಳು ಅಂದೆ. ಕಾರ್ಕಳ ಅವರಿಗೆ ಬಲು ದೂರ, ಮುಖ ಅರಳಲಿಲ್ಲ. ಆಮೇಲೆ "ಕುರುಬೂರಿನ ಚೈತ್ರಾ" ಅಂದೆ. ತಿ. ನರಸೀಪುರ ತಾಲ್ಲೂಕಿನ ಹುಡುಗಿ. ಅದೇ ವರ್ಷದ ಜನವರಿಯಲ್ಲಿ ದೆಹಲಿಯ ಮೊದಲ ಖೋ ಖೋ ವಿಶ್ವಕಪ್ಪು ಗೆದ್ದ ತಂಡದವಳು. ಕುರುಬೂರಿನಲ್ಲಿ ಅವರ ನೆಂಟರಿದ್ದರು. "ಓ, ಆ ಕೂಸ?" ಅಂತ ಅವಳವ್ವನೂ ಒಳಗಿನಿಂದ ಬಂದರು. ಮಾತು ಅಲ್ಲಿಗೆ ಮುಗಿಯಿತು. ಮನೆಯವರು ನನಗಿಂತ ಬೇಗ ಬಿಟ್ಟುಕೊಟ್ಟರು.

ಮುಂದಿನ ಸೋಮವಾರ ಬೆಳಿಗ್ಗೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡು. ಅಪ್ಪ ಮಗಳು ಇಬ್ಬರೂ ಹತ್ತಿ ಕೂತರು. ನಾನು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದು ಹೇಳಿದ್ದನ್ನೇ ಹೇಳುತ್ತಿದ್ದೆ: ಮುಖ ನೋಡಬೇಡ, ಕಾಲು ನೋಡು. ಪಕ್ಕದವಳ ಕೈ ಬಿಡಬೇಡ. ಮೊಣಕಾಲು ನೋವು ಬಂದರೆ ಮುಚ್ಚಿಡಬೇಡ, ಮೊದಲು ಡಾಕ್ಟರಿಗೆ ತೋರಿಸು. ಅವಳು ಹೂಂ ಅನ್ನುತ್ತಿದ್ದಳು. ಕಂಡಕ್ಟರು ಸೀಟಿ ಊದಿದ. ಬಸ್ಸು ಅಲುಗಿತು, ಎರಡು ಹೆಜ್ಜೆ ಹೋಯಿತು, ಮತ್ತೆ ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ ನನ್ನ ಕಡೆ ನೋಡುತ್ತಿದ್ದ. ಅವನು ಏನು ನೋಡುತ್ತಿದ್ದಾನೆ ಅಂತ ನನಗೆ ತಿಳಿಯಲಿಲ್ಲ.

ಹುಡುಗಿ ನನ್ನ ಮುಷ್ಟಿಯ ಮೇಲೆ ಮೆಲ್ಲಗೆ ತಟ್ಟಿದಳು.

"ಬುಡಿ ಸಾ."